ಓದು ಬಾರದ ಅಪ್ಪಂದಿರ ಸಾಹಿತ್ಯ ನಗರ

ಬೀಸ್ಟನ್ ಪೇಟೆಯ ಹೈರೋಡಿನಲ್ಲಿ ಜೇನು ಸಾಕುವವನೊಬ್ಬ ಮಳೆ ಬರಲಿ ಬಿಸಿಲಿರಲಿ ಕೂತೇ ಇರುತ್ತಾನೆ. ಪಕ್ಕದಲ್ಲೊಂದು ಜೇನುಗೂಡು. ಪ್ರತಿಮೆ ಅದು. ಶನಿವಾರ ಬೆಳಿಗ್ಗೆ ಸಾಮಾನು ಕೊಂಡು ಬಂದ ಅಜ್ಜಿಯರು ಚೀಲವನ್ನು ಅವನ ಪಕ್ಕಕ್ಕಿಟ್ಟು ಉಸ್ಸಪ್ಪಾ ಎಂದು ಕೂರುತ್ತಾರೆ. ಮಕ್ಕಳು ತೊಡೆ ಹತ್ತುತ್ತವೆ. ಊರಿನ ಹೆಸರಿಗೂ ಜೇನಿಗೂ ಅಸಲಿಗೆ ನಂಟಿಲ್ಲ, ಅದು ಒಂದು ಬಗೆಯ ಹುಲ್ಲಿನಿಂದ ಬಂದ ಹೆಸರು ಎನ್ನುತ್ತಾರೆ ಸ್ಥಳನಾಮ ಬಲ್ಲವರು. ಆದರೆ ಇಂಗ್ಲಿಷಿನಲ್ಲಿ ‘ಬೀ’ ಎಂದರೆ ಜೇನುನೊಣ. ಊರಿನವರಿಗೆ ಹುಲ್ಲಿಗಿಂತ ನೊಣವೇ ಹಿಡಿಸಿತು.

ಅಲ್ಲಿಂದ ತುಸು ನಡೆದರೆ ಟ್ರಾಮ್ ನಿಲ್ದಾಣ. ‘ಹಕ್ನಲ್’ ಎಂಬ ಬೋರ್ಡು ಹೊತ್ತ ಗಾಡಿ ಬಂದು ನಿಲ್ಲುತ್ತದೆ. ಆಸ್ಪತ್ರೆಯ ಪಾಳಿಗೆ ಹೊರಟ ನರ್ಸುಗಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ವಿದ್ಯಾರ್ಥಿಗಳು, ಮಗುವಿನ ತಳ್ಳುಗಾಡಿ ಹಿಡಿದ ತಾಯಂದಿರು ಹತ್ತುತ್ತಾರೆ. ಸುಮಾರು ಐದು ಕಿಲೋಮೀಟರ್ ಆಚೆ ನಾಟಿಂಗ್‌ಹ್ಯಾಮ್ ನಗರ. ಅದನ್ನೂ ದಾಟಿ ಉತ್ತರಕ್ಕೆ ಹೋದರೆ ಹಕ್ನಲ್. ಈ ಒಂದೇ ಗಾಡಿಯಲ್ಲಿ ಕೂತು ಕೊನೆಯವರೆಗೆ ಹೋದವರು, ಒಂದು ಊರಿಗೆ ‘ಸಾಹಿತ್ಯ ನಗರ’ ಎಂಬ ಬಿರುದು ಹೇಗೆ ಬಂತು, ಬಂದಮೇಲೆ ಏನಾಯಿತು ಎಂಬ ಕಥೆಯ ಬಹುಪಾಲನ್ನು ಕಿಟಕಿಯಲ್ಲೇ ನೋಡಬಹುದು.

ಟ್ರಾಮ್ ಬೀಸ್ಟನ್‌ಗೆ ಬಂದದ್ದು 2015ರ ಆಗಸ್ಟ್ 25ರಂದು. ಅದೇ ವರ್ಷ ಡಿಸೆಂಬರ್ 11ರಂದು ಯುನೆಸ್ಕೊ ನಾಟಿಂಗ್‌ಹ್ಯಾಮನ್ನು ಸಾಹಿತ್ಯ ನಗರ ಎಂದು ಘೋಷಿಸಿತು. ಹಳಿಯೂ ಬಿರುದೂ ನಾಲ್ಕು ತಿಂಗಳೊಳಗೆ ಜೊತೆಯಾದವು.

ಬಿರುದು ಯಾರದು, ಯಾರಿಗೆ

‘ಸಾಹಿತ್ಯ ನಗರ’ ಎಂದರೆ ದೊಡ್ಡ ಲೇಖಕರು ಹುಟ್ಟಿದ ಊರು ಎಂದೇ ಹೆಚ್ಚಿನವರ ತಿಳಿವಳಿಕೆ. ಸ್ವಲ್ಪ ತಪ್ಪು. ಯುನೆಸ್ಕೊ 2004ರಲ್ಲಿ ‘ಸೃಜನಶೀಲ ನಗರಗಳ ಜಾಲ’ ಎಂಬುದನ್ನು ಶುರುಮಾಡಿತು. ಸಂಗೀತ, ಸಿನಿಮಾ, ಕರಕುಶಲ ಕಲೆ, ಅಡುಗೆ ಹೀಗೆ ಬೇರೆ ಬೇರೆ ವಿಭಾಗಗಳು, ಅವುಗಳಲ್ಲೊಂದು ಸಾಹಿತ್ಯ. ಮೊದಲ ಸಾಹಿತ್ಯ ನಗರ ಎಡಿನ್‌ಬರೊ. ಆಮೇಲೆ ಮೆಲ್ಬರ್ನ್, ಅಮೆರಿಕದ ಅಯೋವಾ ಸಿಟಿ, ಡಬ್ಲಿನ್. ನಾಟಿಂಗ್‌ಹ್ಯಾಮ್ ಸೇರಿದ ವರ್ಷವೇ ಬಾಗ್ದಾದ್, ಬಾರ್ಸಿಲೋನಾ, ಪೋರ್ಚುಗಲ್ಲಿನ ಪುಟಾಣಿ ಪಟ್ಟಣ ಓಬಿಡುಸ್ ಕೂಡ ಸೇರಿದವು. ಈಗ ಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಊರುಗಳಿವೆ.

ಪ್ರಶಸ್ತಿಯಂತೆ ಇದು ಹುಡುಕಿಕೊಂಡು ಮನೆಬಾಗಿಲಿಗೆ ಬರುವುದಿಲ್ಲ. ಊರೇ ಅರ್ಜಿ ಹಾಕಬೇಕು. ನಗರಾಡಳಿತದ ಮುಖ್ಯಸ್ಥರ ಸಹಿ ಬೇಕು, ಆಯಾ ದೇಶದ ಯುನೆಸ್ಕೊ ರಾಷ್ಟ್ರೀಯ ಆಯೋಗ ಹೂಂ ಎನ್ನಬೇಕು. ಈಚಿನ ಸುತ್ತುಗಳಲ್ಲಿ ಒಂದು ದೇಶದಿಂದ ಹೆಚ್ಚೆಂದರೆ ಎರಡು ಅರ್ಜಿ, ಅವೂ ಬೇರೆ ಬೇರೆ ವಿಭಾಗದವು. ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳು ನಮ್ಮ ಸನ್ಮಾನ ಸಮಾರಂಭಗಳ ಭಾಷೆಯವಲ್ಲ. ಊರಿನಲ್ಲಿ ಎಷ್ಟು ಪ್ರಕಾಶಕರಿದ್ದಾರೆ, ಎಂಥೆಂಥ ಪುಸ್ತಕ ಬರುತ್ತವೆ? ಶಾಲೆ ಕಾಲೇಜುಗಳಲ್ಲಿ ಸಾಹಿತ್ಯಕ್ಕೆ ಜಾಗವಿದೆಯೆ? ಗ್ರಂಥಾಲಯ, ಪುಸ್ತಕದಂಗಡಿಗಳ ಸ್ಥಿತಿ ಹೇಗಿದೆ? ಬೇರೆ ಭಾಷೆಗಳಿಂದ ಅನುವಾದ ನಡೆಯುತ್ತದೆಯೆ? ಸತ್ತುಹೋದ ಮಹಾಕವಿಗಳ ಪಟ್ಟಿ ಮುಂದೊಡ್ಡಿದರೆ ಅರ್ಜಿ ಮುಂದೆ ಹೋಗದು.

ಬಿರುದಿನ ಜೊತೆ ಯುನೆಸ್ಕೊದಿಂದ ಒಂದು ಪೈಸೆಯೂ ಬರುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ, ನೀವು ಮಾಡುತ್ತೇವೆ ಎಂದದ್ದನ್ನು ಎಷ್ಟು ಮಾಡಿದಿರಿ ಎಂಬ ವರದಿ ಮಾತ್ರ ಹೋಗಬೇಕು. ಒಟ್ಟಿನಲ್ಲಿ ಪಲ್ಲಕ್ಕಿಯೂ ನಿಮ್ಮದೇ, ಹೊರುವ ಹೆಗಲೂ ನಿಮ್ಮದೇ.

ಇದನ್ನು ಯುನೆಸ್ಕೊದ್ದೇ ಇನ್ನೊಂದು ಯೋಜನೆಯಾದ ‘ವಿಶ್ವ ಪುಸ್ತಕ ರಾಜಧಾನಿ’ಯ ಜೊತೆ ಕಲಸಿಕೊಳ್ಳಬಾರದು. ಅದು ಒಂದು ವರ್ಷದ ಪಟ್ಟ. 2003ರಲ್ಲಿ ದೆಹಲಿಗೆ ಸಿಕ್ಕಿತ್ತು.

ಮಾತ್ರೆ ಅಂಗಡಿಯ ಮಹಡಿಯಲ್ಲಿ ಕಾದಂಬರಿ

ಟ್ರಾಮ್ ಹೊರಡುವ ಮುನ್ನ ಬೀಸ್ಟನ್ ಬಗ್ಗೆ ಎರಡು ಮಾತು. ನಿಜ ಹೇಳಬೇಕೆಂದರೆ ಬೀಸ್ಟನ್ ನಾಟಿಂಗ್‌ಹ್ಯಾಮ್ ನಗರದ ಗಡಿಯೊಳಗೇ ಇಲ್ಲ. ಆಡಳಿತ ಬೇರೆ, ಗ್ರಂಥಾಲಯ ನಡೆಸುವವರು ಬೇರೆ. ಇಂಗ್ಲೆಂಡಿನಲ್ಲಿ ಬೀಸ್ಟನ್ ಇದೊಂದೇ ಅಲ್ಲ ಎಂಬುದೂ ನೆನಪಿರಲಿ. ಲೀಡ್ಸ್ ನಗರದಲ್ಲೊಂದು ಬೀಸ್ಟನ್ ಇದೆ, ಬೇಕರಿ ಕೆಲಸಗಾರನ ಮಗ ಟೋನಿ ಹ್ಯಾರಿಸನ್ ಎಂಬ ಕವಿ ಅಲ್ಲಿಯವನು. ಅವನ ಒಂದು ನೀಳ್ಗವಿತೆಯನ್ನು 1987ರಲ್ಲಿ ಟಿ.ವಿ. ಪ್ರಸಾರ ಮಾಡಿದಾಗ, ಅದರಲ್ಲಿದ್ದ ಬೈಗುಳಗಳಿಗೆ ಪತ್ರಿಕೆಗಳು ಬೆಂಕಿ ಕಾರಿದ್ದವು. ಹೊಲಸು ಮಾತಿನ ಈ ಜಗಳ ನಮ್ಮ ಬೀಸ್ಟನ್‌ನ ಹಾದಿಯಲ್ಲೂ ಸಿಗುತ್ತದೆ, ಸ್ವಲ್ಪ ತಾಳಿ.

ಈ ಬೀಸ್ಟನ್ ಮಗ್ಗದ ಊರಾಗಿತ್ತು, ಲೇಸ್ ನೇಯುತ್ತಿತ್ತು, ಸೈಕಲ್ ಮಾಡುತ್ತಿತ್ತು. ಆಮೇಲೆ ಔಷಧದ ಊರಾಯಿತು. ಇಂಗ್ಲೆಂಡಿನ ಯಾವ ಪೇಟೆಬೀದಿಗೆ ಹೋದರೂ ಕಾಣುವ ‘ಬೂಟ್ಸ್’ ಮೆಡಿಕಲ್ ಶಾಪಿನ ಕೇಂದ್ರ ಇಲ್ಲಿದೆ. ಅಂಗಡಿಯನ್ನು ಬೆಳೆಸಿದವನು ನಾಟಿಂಗ್‌ಹ್ಯಾಮಿನ ಜೆಸ್ಸಿ ಬೂಟ್. ಅವನ ಹೆಂಡತಿ ಫ್ಲಾರೆನ್ಸ್ ಪುಸ್ತಕ ವ್ಯಾಪಾರದ ಮನೆಯಿಂದ ಬಂದವಳು. ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ದಂಪತಿ ತಮ್ಮ ಅಂಗಡಿಗಳಲ್ಲೇ ಬಾಡಿಗೆ ಪುಸ್ತಕಗಳ ಲೈಬ್ರರಿ ತೆರೆದರು.

ಅದರ ಲೆಕ್ಕಾಚಾರ ನೋಡುವಂಥದು. ಲೈಬ್ರರಿಯನ್ನು ಅಂಗಡಿಯ ತೀರಾ ಹಿಂಭಾಗದಲ್ಲೋ ಮಹಡಿಯಲ್ಲೋ ಇಡುತ್ತಿದ್ದರು. ಕಾದಂಬರಿ ಬದಲಿಸಲು ಬಂದವಳು ಸೋಪು, ಪೌಡರು, ಕೆಮ್ಮಿನ ಔಷಧ ಎಲ್ಲವನ್ನೂ ಹಾದೇ ಹೋಗಬೇಕು, ಹಾದೇ ಬರಬೇಕು. ಪುಸ್ತಕದ ಮೇಲೆ ಗುರಾಣಿಯಾಕಾರದ ಹಸಿರು ಚೀಟಿ. ಬೆನ್ನಿನ ಮೇಲ್ತುದಿಯಲ್ಲಿ, ನಮ್ಮ ಬೂಟಿನ ಲಾಡಿ ತೂತಿಗಿರುತ್ತದಲ್ಲ, ಅಂಥ ಲೋಹದ ಬಳೆ ಹಾಕಿದ ಒಂದು ತೂತು. ಸದಸ್ಯರ ಬಿಲ್ಲೆ ಸಿಕ್ಕಿಸುವುದು ಅಲ್ಲಿ. ಇವತ್ತಿಗೂ ಹಳೆಯ ಪುಸ್ತಕ ಮಾರುವವರು ಆ ತೂತು ನೋಡಿಯೇ ಇದು ಬೂಟ್ಸ್ ಪ್ರತಿ ಎಂದು ಹೇಳಿಬಿಡುತ್ತಾರೆ. 1945ರ ‘ಬ್ರೀಫ್ ಎನ್‌ಕೌಂಟರ್’ ಸಿನಿಮಾದ ನಾಯಕಿ ವಾರಕ್ಕೊಮ್ಮೆ ಪೇಟೆಗೆ ಬಂದಾಗ ಪುಸ್ತಕ ಬದಲಿಸುವುದು ಬೂಟ್ಸ್‌ನಲ್ಲೇ. ನೂರಾರು ಶಾಖೆ, ಲಕ್ಷಗಟ್ಟಲೆ ಓದುಗರಿದ್ದ ಈ ಲೈಬ್ರರಿ 1966ರಲ್ಲಿ ಮುಚ್ಚಿತು. ಅಷ್ಟರಲ್ಲಿ ಸರ್ಕಾರದ ಉಚಿತ ಗ್ರಂಥಾಲಯಗಳು ಬಲಿತಿದ್ದವು, ಅಗ್ಗದ ಪುಸ್ತಕಗಳು ಎಲ್ಲೆಂದರಲ್ಲಿ ಸಿಗುತ್ತಿದ್ದವು.

ಈಗಿನ ಬೀಸ್ಟನ್‌ನಲ್ಲಿ ಶೂಸ್ಟ್ರಿಂಗ್ ಪ್ರೆಸ್ ಎಂಬ ಪುಟ್ಟ ಪ್ರಕಾಶನವಿದೆ. ಜಾನ್ ಲ್ಯೂಕಸ್ ಎಂಬ ಕವಿ, ಮೇಷ್ಟರು ಅದನ್ನು 1994ರಲ್ಲಿ ಕಟ್ಟಿದರು. ಹೆಸರಿನ ಅರ್ಥವೇ ಕಾಸಿಲ್ಲದೆ ನಡೆಸುವುದು ಎಂದು. ಹೆಚ್ಚಾಗಿ ಕವಿತೆ, ಜೊತೆಗೆ ಅನುವಾದ. ಕವನ ಸಂಕಲನ ಅಚ್ಚುಹಾಕಿ ಕೈಸುಟ್ಟುಕೊಂಡ ನಮ್ಮ ಪ್ರಕಾಶಕರು ಈ ಹೆಸರು ಕೇಳಿದರೆ ನಕ್ಕು ತಲೆಯಾಡಿಸಿಯಾರು.

ಬೈದವನಿಗೇ ಪ್ರತಿಮೆ

ಬೀಸ್ಟನ್ ದಾಟಿದರೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ. ಕೆರೆ, ಹುಲ್ಲುಹಾಸು, ಗಡಿಯಾರದ ಗೋಪುರವಿರುವ ಬಿಳಿ ಕಟ್ಟಡ. ಜಾಗ ಕೊಟ್ಟವನು ಅದೇ ಜೆಸ್ಸಿ ಬೂಟ್. 1928ರಲ್ಲಿ ಈ ಹೊಸ ಕ್ಯಾಂಪಸ್ ತೆರೆಯಿತು. ಮಾತ್ರೆ ಮಾರಿದ ದುಡ್ಡಿನಲ್ಲಿ ವಿದ್ಯಾಮಂದಿರ ಎದ್ದದ್ದನ್ನು ಅಣಕಿಸಿ ಒಬ್ಬ ಒಂದು ಕವಿತೆ ಬರೆದ. ಅವನು ಅದೇ ಸಂಸ್ಥೆಯ ಹಳೆಯ ವಿದ್ಯಾರ್ಥಿ, ಹೆಸರು ಡಿ.ಎಚ್. ಲಾರೆನ್ಸ್.

ಲಾರೆನ್ಸ್ ಹುಟ್ಟಿದ್ದು 1885ರಲ್ಲಿ, ಹತ್ತಿರದ ಕಲ್ಲಿದ್ದಲ ಗಣಿಯೂರು ಈಸ್ಟ್‌ವುಡ್‌ನಲ್ಲಿ. ಅಪ್ಪ ಗಣಿಗೆ ಇಳಿಯುವವನು. ಅಕ್ಷರ ಕೂಡಿಸಿ ಓದುವುದೇ ಅವನಿಗೆ ಕಷ್ಟ. ಅಮ್ಮನಿಗೆ ಪುಸ್ತಕದ ಹುಚ್ಚು. ಊರಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಕಾರ್ಮಿಕರ ಸಂಘಕ್ಕೆ ಒಂದು ಲೈಬ್ರರಿ ಇತ್ತು, ವಾರದಲ್ಲಿ ಒಂದು ಸಂಜೆ ಪುಸ್ತಕ ಕೊಡುತ್ತಿದ್ದರು. ಹುಡುಗ ಲಾರೆನ್ಸನೂ ಅವನ ಗೆಳತಿ ಜೆಸ್ಸಿ ಚೇಂಬರ್ಸಳೂ ಅಲ್ಲಿಂದ ಮನೆಮಂದಿಗೆಲ್ಲ ಪುಸ್ತಕ ಹೊತ್ತು ತರುತ್ತಿದ್ದರು. 1913ರ ‘ಸನ್ಸ್ ಅಂಡ್ ಲವರ್ಸ್’ ಕಾದಂಬರಿಯ ಗಣಿಮನೆ, ಆ ಜಗಳಗಂಟ ಅಪ್ಪ, ಆ ಅಮ್ಮ, ಎಲ್ಲ ಈ ಸೀಮೆಯವೇ.

1912ರಲ್ಲಿ ಲಾರೆನ್ಸ್ ತನಗೆ ಪಾಠ ಹೇಳಿದ್ದ ಪ್ರೊಫೆಸರರ ಹೆಂಡತಿ ಫ್ರೀಡಾಳೊಂದಿಗೆ ಊರು ಬಿಟ್ಟ. ಊರು ಅದನ್ನು ಬಹಳ ಕಾಲ ಮರೆಯಲಿಲ್ಲ. ಹೊಲಸು ಮಾತಿನ ದೂರು ಹೊತ್ತ ‘ಲೇಡಿ ಚ್ಯಾಟರ್ಲಿ’ ಕಾದಂಬರಿಯನ್ನು 1928ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಖಾಸಗಿಯಾಗಿ ಅಚ್ಚುಹಾಕಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಅದು ಪೂರ್ತಿಯಾಗಿ, ಕಾನೂನುಬದ್ಧವಾಗಿ ಹೊರಬಂದದ್ದು 1960ರಲ್ಲಿ, ಪೆಂಗ್ವಿನ್ ಸಂಸ್ಥೆ ಕೋರ್ಟಿನಲ್ಲಿ ಗೆದ್ದಮೇಲೆ. ಅಷ್ಟುಹೊತ್ತಿಗೆ ಲಾರೆನ್ಸ್ ತೀರಿಕೊಂಡು ಮೂವತ್ತು ವರ್ಷವಾಗಿತ್ತು.

ಈಗ ಕ್ಯಾಂಪಸ್ಸಿನಲ್ಲಿ ಅವನ ಪ್ರತಿಮೆಯಿದೆ. ಬರಿಗಾಲು, ಕೈಯಲ್ಲೊಂದು ನೀಲಿ ಹೂ. ಟ್ರಾಮ್ ನಿಲ್ದಾಣದ ಬಳಿಯ ನಾಟಕಮಂದಿರವಿರುವ ಕಟ್ಟಡಕ್ಕೂ ಅವನದೇ ಹೆಸರು. ಅಣಕಿಸಿದ ಮಗನನ್ನು ಹೊಸಿಲೊಳಗೆ ಕರೆದುಕೊಳ್ಳಲು ವಿಶ್ವವಿದ್ಯಾಲಯ ಅರ್ಧ ಶತಮಾನಕ್ಕೂ ಹೆಚ್ಚು ತೆಗೆದುಕೊಂಡಿತು. ತಡವಾದರೂ ಜಾಗವನ್ನು ಬೂಟ್‌ನ ನೆಲದಲ್ಲೇ ಕೊಟ್ಟಿತು ಎಂಬುದು ನನಗೆ ಇಷ್ಟವಾದ ಸಂಗತಿ.

ಆಸ್ಪತ್ರೆ ಸ್ಟಾಪು, ಕನ್ನಡದ ಕಥೆ

ಮುಂದಿನದು ಕ್ವೀನ್ಸ್ ಮೆಡಿಕಲ್ ಸೆಂಟರ್ ಎಂಬ ದೊಡ್ಡಾಸ್ಪತ್ರೆ. ಇಂಗ್ಲೆಂಡಿನ ಈ ನಡುನಾಡಿಗೂ ಉತ್ತರಕ್ಕೂ ಕನ್ನಡ ಹೆಚ್ಚಾಗಿ ಬಂದದ್ದು ಸ್ಟೆತಸ್ಕೋಪಿನ ಜೊತೆಗೇ. ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್, ಡಾಂಕಾಸ್ಟರ್ ಕಡೆಯ ಕನ್ನಡದ ವೈದ್ಯರು ಡ್ಯೂಟಿ ಮುಗಿಸಿ ಕೂತು ಕವಿತೆ, ಪ್ರಬಂಧ ಬರೆದವರು. ಬರೆದದ್ದನ್ನು ಸೇರಿ ಓದಲು ವೇದಿಕೆ ಕಟ್ಟಿಕೊಂಡವರು.

ಅವರಿಗಿಂತ ಮೊದಲು ಬಂದ ಒಬ್ಬರ ಕಥೆ ನಮಗೆ ಅರ್ಧ ಗೊತ್ತು. ಯು.ಆರ್. ಅನಂತಮೂರ್ತಿ ಸಂಶೋಧನೆಗೆಂದು ಅರುವತ್ತರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದರು. ಡಾಕ್ಟರೇಟ್ ಸಿಕ್ಕಿದ್ದು 1966ರಲ್ಲಿ. ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಎಂಬ ನಡುಯುಗದ ಕಥೆಯ ಸಿನಿಮಾ ನೋಡಿ ಬಂದು, ಲೇಖಕ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಮಾತಾಡುತ್ತ, ನಡುಯುಗ ನಮ್ಮಲ್ಲಿ ಪುಸ್ತಕದೊಳಗಿಲ್ಲ, ಕಣ್ಣೆದುರೇ ಇದೆ ಎಂಬ ವಿಚಾರ ಹೊಳೆದದ್ದನ್ನು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಆ ಚಳಿಯೂರಿನಲ್ಲಿ ಕೂತು ಬರೆದದ್ದು ‘ಸಂಸ್ಕಾರ’. ಹೆಣವಿಟ್ಟುಕೊಂಡು ಹಸಿದು ಕೂತ ಮಲೆನಾಡಿನ ಅಗ್ರಹಾರ ಮೂಡಿದ್ದು ಕಾರ್ಖಾನೆ ಹೊಗೆಯ ಊರಿನಲ್ಲಿ.

ಅದೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಹೊಗ್ಗಾರ್ಟ್ ಪಾಠ ಹೇಳುತ್ತಿದ್ದರು. ಲೀಡ್ಸ್‌ನ ಬಡ ಓಣಿಯಲ್ಲಿ ಬೆಳೆದ ಈ ಮೇಷ್ಟರೇ ‘ಲೇಡಿ ಚ್ಯಾಟರ್ಲಿ’ ಮೊಕದ್ದಮೆಯಲ್ಲಿ ಪುಸ್ತಕದ ಪರ ನಿಂತ ಪ್ರಮುಖ ಸಾಕ್ಷಿ. ಬ್ರಾಡ್‌ಬರಿ ಮುಂದೆ ನಾರಿಚ್‌ಗೆ ಹೋಗಿ ಅಲ್ಲಿ ಕಥೆ ಬರೆಯುವುದನ್ನು ಕಲಿಸುವ ಕೋರ್ಸು ಕಟ್ಟಲು ನೆರವಾದರು. ನಾರಿಚ್ 2012ರಲ್ಲಿ ಇಂಗ್ಲೆಂಡಿನ ಮೊದಲ ಸಾಹಿತ್ಯ ನಗರವಾಯಿತು. ‘ಸಂಸ್ಕಾರ’ ಹುಟ್ಟಿದ ಬರ್ಮಿಂಗ್‌ಹ್ಯಾಮಿಗೆ ಆ ಬಿರುದಿಲ್ಲ. ಇದ್ದಿದ್ದರೆ ಅರ್ಜಿಯಲ್ಲಿ ಆ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರ ಹೆಸರು ಬರುತ್ತಿತ್ತೋ ಇಲ್ಲವೋ.

ಇನ್ನು ಈಚಿನ ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಬಹುಮಾನದ 50 ಸಾವಿರ ಪೌಂಡು ಇಬ್ಬರಿಗೂ ಸಮಪಾಲು. ಸಮಾರಂಭ ನಡೆದದ್ದು ಲಂಡನ್ನಿನಲ್ಲಾದ್ದರಿಂದ ಪುಸ್ತಕವೂ ಲಂಡನ್ನಿನದೆಂದೇ ಬಹಳ ಜನ ತಿಳಿದರು. ಅದನ್ನು ಪ್ರಕಟಿಸಿದ ‘ಅಂಡ್ ಅದರ್ ಸ್ಟೋರೀಸ್’ ಇರುವುದು ಶೆಫೀಲ್ಡ್‌ನಲ್ಲಿ, ನಾಟಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ರಾಜಧಾನಿಯ ಹೊರಗಿನ ಇಂಥ ಸಣ್ಣ ಪ್ರಕಾಶನಗಳು ಈ ಸೀಮೆಯ ತುಂಬ ಇವೆ. ಲೀಡ್ಸ್‌ನ ಪೀಪಲ್ ಟ್ರೀ ಕೆರಿಬಿಯನ್ ಲೇಖಕರಿಗೆ ಮನೆಯಾದರೆ, ಮ್ಯಾಂಚೆಸ್ಟರಿನ ಕಾರ್ಕನೆಟ್ ಕವಿತೆಗೆ, ಕಾಮಾ ಪ್ರೆಸ್ ಸಣ್ಣಕಥೆಗೆ. ಮ್ಯಾಂಚೆಸ್ಟರ್ 2017ರಲ್ಲಿ ಸಾಹಿತ್ಯ ನಗರವಾದದ್ದಕ್ಕೆ ಇವೂ ಕಾರಣ.

ಉದ್ಘಾಟನೆಯ ಮರುದಿನ

ಟ್ರಾಮ್ ರೈಲು ನಿಲ್ದಾಣದ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಕೆಳಗಿಳಿದರೆ ಕ್ಯಾರಿಂಗ್ಟನ್ ಸ್ಟ್ರೀಟು, ಅಲ್ಲಿ ಗಾಜಿನ ಮುಖದ ಹೊಸ ಕೇಂದ್ರ ಗ್ರಂಥಾಲಯ. ಹಳೆಯದು 2020ರಲ್ಲಿ ಮುಚ್ಚಿತ್ತು. ಮೂರು ವರ್ಷಕ್ಕೂ ಮಿಕ್ಕಿ ಸಾಹಿತ್ಯ ನಗರಕ್ಕೆ ಕೇಂದ್ರ ಗ್ರಂಥಾಲಯವೇ ಇರಲಿಲ್ಲ. ಹೊಸದು ಬಾಗಿಲು ತೆರೆದದ್ದು 2023ರ ನವೆಂಬರ್ 28ರಂದು.

ಮರುದಿನ, ನವೆಂಬರ್ 29ರಂದು, ನಗರ ಕೌನ್ಸಿಲ್ ಕೈಯಲ್ಲಿ ಕಾಸಿಲ್ಲ ಎಂದು ಸಾರಿತು.

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ನಮ್ಮ ಪಾಲಿಕೆಗಳಂತೆ ಸಾಲ ಬೆಳೆಸಿಕೊಂಡೇ ಸಾಗುವಂತಿಲ್ಲ. ವರ್ಷದ ಲೆಕ್ಕ ಸರಿಹೊಂದಲೇಬೇಕು. ಹೊಂದದಿದ್ದರೆ ಹಣಕಾಸು ಅಧಿಕಾರಿ ‘ಸೆಕ್ಷನ್ 114’ ನೋಟಿಸು ಹೊರಡಿಸುತ್ತಾರೆ. ಆಮೇಲೆ ಕಾನೂನು ಕಡ್ಡಾಯ ಮಾಡಿದ ಕೆಲಸಗಳನ್ನು ಬಿಟ್ಟು ಹೊಸ ಖರ್ಚಿಗೆ ಕೈಹಾಕುವಂತಿಲ್ಲ. ನಾಟಿಂಗ್‌ಹ್ಯಾಮಿನ ಆ ವರ್ಷದ ಕೊರತೆ ಸುಮಾರು 2.3 ಕೋಟಿ ಪೌಂಡು. ಆಸರೆ ಬೇಕಾದ ಮಕ್ಕಳ, ವೃದ್ಧರ ಆರೈಕೆಯ ವೆಚ್ಚ ಏರಿದ್ದು, ಕೇಂದ್ರದ ಅನುದಾನ ವರ್ಷವರ್ಷ ಇಳಿದದ್ದು ಕಾರಣಗಳಲ್ಲಿ ಮುಖ್ಯ. ಕೌನ್ಸಿಲ್ ತಾನೇ ನಡೆಸಿ, 2020ರಲ್ಲಿ ಕೋಟಿಗಟ್ಟಲೆ ಪೌಂಡು ನಷ್ಟಕ್ಕೆ ಮುಚ್ಚಿದ ವಿದ್ಯುತ್ ಕಂಪನಿಯ ಹೊರೆಯೂ ಬೆನ್ನ ಮೇಲಿತ್ತು. ಆ ಕಂಪನಿಯ ಹೆಸರು ರಾಬಿನ್ ಹುಡ್ ಎನರ್ಜಿ. ಲಾವಣಿಗಳಲ್ಲಿ ನಾಟಿಂಗ್‌ಹ್ಯಾಮಿನ ಅಧಿಕಾರಿಗಳ ಜೇಬು ಖಾಲಿ ಮಾಡುತ್ತಿದ್ದವನ ಹೆಸರನ್ನು ಕೌನ್ಸಿಲ್ ತಾನಾಗಿಯೇ ಇಟ್ಟುಕೊಂಡಿತ್ತು.

1964ರ ಕಾಯಿದೆಯ ಪ್ರಕಾರ ಗ್ರಂಥಾಲಯ ನಡೆಸುವುದು ಕೌನ್ಸಿಲ್ಲಿನ ಕಡ್ಡಾಯ ಕರ್ತವ್ಯ. ಆದರೆ ಎಷ್ಟು ಶಾಖೆ, ದಿನಕ್ಕೆ ಎಷ್ಟು ಗಂಟೆ ಎಂದು ಕಾಯಿದೆ ಹೇಳುವುದಿಲ್ಲ. ಕತ್ತರಿ ಒಳನುಗ್ಗುವುದು ಆ ಸಂದಿಯಲ್ಲೇ. 2024ರಲ್ಲಿ ಕೌನ್ಸಿಲ್ ಕಲಾ ಸಂಸ್ಥೆಗಳ ಅನುದಾನ ನಿಲ್ಲಿಸಲು ನಿರ್ಧರಿಸಿತು. 1963ರಿಂದ ಹೆಸರುವಾಸಿಯಾದ ನಾಟಿಂಗ್‌ಹ್ಯಾಮ್ ಪ್ಲೇಹೌಸ್ ರಂಗಮಂದಿರವೂ ಅದಕ್ಕೆ ಹೊರತಾಗಲಿಲ್ಲ. ಬಡ ಬಡಾವಣೆಗಳ ಕೆಲವು ಶಾಖಾ ಗ್ರಂಥಾಲಯಗಳನ್ನು ಮುಚ್ಚುವ ಪ್ರಸ್ತಾಪ ಎದ್ದಿತು. ಬಡಾವಣೆಯ ಜನ ತಕರಾರು ತೆಗೆದರು. ಯುನೆಸ್ಕೊ ಬಿರುದು ಎಂದಾದರೂ ನಿಜವಾಗಿ ಕೈಗೆ ಬಂತು ಎನ್ನಬಹುದಾದರೆ ಅದು ಆಗಲೇ ಎಂದು ನನಗನ್ನಿಸುತ್ತದೆ. ಜಗತ್ತಿನೆದುರು ಸಾಹಿತ್ಯ ನಗರ ಎಂದು ಬೋರ್ಡು ಹಾಕಿಕೊಂಡು ನಮ್ಮ ಬೀದಿಯ ಲೈಬ್ರರಿಗೆ ಬೀಗ ಹಾಕುತ್ತೀರಾ ಎಂದು ಕೇಳಲು ಅವರಿಗೆ ಒಂದು ಮಾತು ಸಿಕ್ಕಿತ್ತು.

ಗಿರಣಿಯವನ ಥಿಯರಮ್ಮು

ಓಲ್ಡ್ ಮಾರ್ಕೆಟ್ ಸ್ಕ್ವೇರ್ ನಗರದ ನಡುಮನೆ. ಪಕ್ಕದ ಏಂಜಲ್ ರೋ ಬೀದಿಯಲ್ಲಿ, ಅಂಗಡಿಗಳ ನಡುವೆ ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ಬಾಗಿಲಿದೆ. ಮೆಟ್ಟಿಲು ಹತ್ತಿದರೆ ಬ್ರಾಮ್ಲಿ ಹೌಸ್ ಲೈಬ್ರರಿ. 1816ರಲ್ಲಿ ಚಂದಾದಾರರು ಸೇರಿ ಕಟ್ಟಿದ್ದು. ಸುರುಳಿ ಏಣಿ, ಚಾವಣಿ ಮುಟ್ಟುವ ಕಪಾಟು. ನೆಲದ ಮೇಲೊಂದು ಗೆರೆ, ಬಿಸಿಲು ಅದರ ಮೇಲೆ ಬಿದ್ದಾಗ ಊರಿನ ನಡುಹಗಲು. ರೈಲು ಬಂದು ದೇಶಕ್ಕೆಲ್ಲ ಒಂದೇ ಗಂಟೆ ಆಗುವವರೆಗೆ ಪ್ರತಿ ಊರಿಗೂ ಅದರದೇ ಹೊತ್ತು ಇತ್ತಲ್ಲ.

1823ರಲ್ಲಿ ಈ ಲೈಬ್ರರಿಗೆ ಸೇರಿದವರಲ್ಲಿ ಹಿಟ್ಟಿನ ಗಿರಣಿಯ ಜಾರ್ಜ್ ಗ್ರೀನ್ ಎಂಬವನೊಬ್ಬ. ಶಾಲೆಗೆ ಹೋಗಿದ್ದು ಬಾಲ್ಯದಲ್ಲಿ ಒಂದು ವರ್ಷದಷ್ಟು. ಗಾಳಿಗಿರಣಿಯಲ್ಲಿ ದುಡಿಯುತ್ತಲೇ ಗಣಿತ ಓದಿಕೊಂಡು, 1828ರಲ್ಲಿ ವಿದ್ಯುತ್ತು, ಕಾಂತತ್ವದ ಮೇಲೊಂದು ಪ್ರಬಂಧ ಅಚ್ಚುಹಾಕಿಸಿದ. ಮುಂಗಡ ಕೊಟ್ಟು ಕೊಂಡವರು 51 ಜನ, ಹೆಚ್ಚಿನವರು ಲೈಬ್ರರಿಯ ಸಹಸದಸ್ಯರು. ಅವರಲ್ಲಿ ಅರ್ಥವಾದದ್ದು ಎಷ್ಟು ಮಂದಿಗೋ. ನಮ್ಮಲ್ಲಿ ಎಂಜಿನಿಯರಿಂಗ್ ಓದಿದ ಪ್ರತಿಯೊಬ್ಬರೂ ಪರೀಕ್ಷೆಗೆಂದು ಉರುಹೊಡೆದ ಗ್ರೀನ್ಸ್ ಥಿಯರಮ್ ಈ ಗಿರಣಿಯವನದೇ.

ಚೌಕದ ಇನ್ನೊಂದು ಬದಿಯಲ್ಲಿ, ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದಂಥ ಓಣಿಯೊಳಗೆ, ಫೈವ್ ಲೀವ್ಸ್ ಪುಸ್ತಕದಂಗಡಿ. ಇಂಥ ಓಣಿಗೆ ಇಲ್ಲಿಯ ಆಡುಮಾತಿನಲ್ಲಿ ‘ಟ್ವಿಚೆಲ್’ ಎನ್ನುತ್ತಾರೆ. 2013ರಲ್ಲಿ, ಪುಸ್ತಕದಂಗಡಿಗಳು ಸಾಲಾಗಿ ಮುಚ್ಚುತ್ತಿದ್ದಾಗ, ಇದು ತೆರೆಯಿತು. 2018ರಲ್ಲಿ ಬ್ರಿಟನ್ನಿನ ವರ್ಷದ ಸ್ವತಂತ್ರ ಪುಸ್ತಕದಂಗಡಿ ಪ್ರಶಸ್ತಿ ಪಡೆಯಿತು.

ಮೂವರು ಅಪ್ಪಂದಿರು

ನಾಟಿಂಗ್‌ಹ್ಯಾಮಿನ ಅರ್ಜಿ ಹೊರಟದ್ದು ಇಂಥ ಅಂಗಡಿ, ಲೈಬ್ರರಿಗಳ ಜನರಿಂದಲೇ. ಕಾದಂಬರಿಕಾರ ಡೇವಿಡ್ ಬೆಲ್ಬಿನ್ ಮುಂದಾಳು. ಊರಿನ ಎರಡು ವಿಶ್ವವಿದ್ಯಾಲಯಗಳು, ಬರಹಗಾರರ ಸಂಘಟನೆಗಳು ಹಿಂದೆ ನಿಂತವು. ವಿಚಿತ್ರವೆಂದರೆ ಅವರು ಊರಿನ ಕೊರತೆಯನ್ನು ಬಚ್ಚಿಡಲಿಲ್ಲ. ಮಕ್ಕಳ ಓದು ದೇಶದ ಮಟ್ಟಕ್ಕಿಂತ ಹಿಂದಿರುವ, ಪುಸ್ತಕವೇ ಇಲ್ಲದ ಮನೆಗಳಿರುವ ನಗರ ನಮ್ಮದು, ಅದನ್ನು ಸರಿಪಡಿಸಲು ಬಿರುದು ಬೇಕು ಎಂಬುದೇ ಅವರ ವಾದದ ತಿರುಳಾಯಿತು.

ಆ ವಾದಕ್ಕೆ ಊರಿನ ಚರಿತ್ರೆಯೇ ಆಧಾರ ಕೊಟ್ಟಿತು. ಲಾರೆನ್ಸನ ಅಪ್ಪನನ್ನು ನೋಡಿದೆವು. 1928ರಲ್ಲಿ ಇಲ್ಲಿ ಹುಟ್ಟಿದ ಅಲನ್ ಸಿಲಿಟೊನ ಅಪ್ಪನಿಗೆ ಅಕ್ಷರವೇ ಬಾರದು, ಕೆಲಸವೂ ನೆಟ್ಟಗಿಲ್ಲ. ಮಗ ಹದಿನಾಲ್ಕಕ್ಕೆ ಶಾಲೆ ಬಿಟ್ಟು ರ‍್ಯಾಲಿ ಸೈಕಲ್ ಕಾರ್ಖಾನೆ ಸೇರಿದ. ಹೌದು, ನಮ್ಮ ಅಜ್ಜಂದಿರು ಎಣ್ಣೆಬಟ್ಟೆಯಲ್ಲಿ ಒರೆಸಿ ಒರೆಸಿ ಕಾಪಾಡಿದ ಅದೇ ರ‍್ಯಾಲಿ. ಮುಂದೆ ವಾಯುಪಡೆಯಲ್ಲಿದ್ದಾಗ ಕ್ಷಯ ತಗುಲಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ಓದು ಹಿಡಿದದ್ದು ಆ ಹಾಸಿಗೆಯಲ್ಲಿ. ನಿನಗೆ ಗೊತ್ತಿರುವ ನಾಟಿಂಗ್‌ಹ್ಯಾಮನ್ನೇ ಬರೆ ಎಂದು ಕವಿ ರಾಬರ್ಟ್ ಗ್ರೇವ್ಸ್ ಬುದ್ಧಿ ಹೇಳಿದ. ಹಲವು ಪ್ರಕಾಶಕರು ಬೇಡವೆಂದ ಮೇಲೆ 1958ರಲ್ಲಿ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ ಬಂತು. ವಾರವಿಡೀ ಲೇತ್ ಮುಂದೆ ನಿಂತು, ಶನಿವಾರ ರಾತ್ರಿ ಕುಡಿದು ಮೆಟ್ಟಿಲಿನಿಂದ ಉರುಳುವ ಆರ್ಥರ್ ಸೀಟನ್ ಎಂಬ ಹುಡುಗನ ಕಥೆ. ಸಿನಿಮಾ ಆದಾಗ, ನಮ್ಮೂರ ಮಾನ ಹರಾಜಾಯಿತು ಎಂದು ಗೊಣಗಿದವರಿದ್ದರು. ಆ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ಇನ್ನೊಂದು ಕ್ಯಾಂಪಸ್ ಇದೆ.

ಮೂರನೆಯ ಅಪ್ಪ ಅಮೆರಿಕದವನು. ಗಾಯಕಿ ಡಾಲಿ ಪಾರ್ಟನ್ ತನ್ನ ತಂದೆಗೆ ಓದುಬರಹ ಬಾರದಿದ್ದ ನೋವಿನಿಂದ 1995ರಲ್ಲಿ ಒಂದು ಯೋಜನೆ ಶುರುಮಾಡಿದಳು. ಐದು ವರ್ಷದೊಳಗಿನ ಮಗುವಿಗೆ ತಿಂಗಳಿಗೊಂದು ಪುಸ್ತಕ, ಅಂಚೆಯಲ್ಲಿ, ಮಗುವಿನ ಹೆಸರಿಗೇ. ಅದು ನಾಟಿಂಗ್‌ಹ್ಯಾಮಿಗೂ ಬಂತು. ಸಾಹಿತ್ಯ ನಗರದ ಚಟುವಟಿಕೆಗಳಲ್ಲಿ ಯುವಕವಿಗಳಿಗೆ ಪಟ್ಟ, ಲೇಖಕರ ವಿನಿಮಯ, ಉತ್ಸವ ಎಲ್ಲ ಇವೆ. ನನ್ನ ಮಟ್ಟಿಗೆ, ನಡೆಯಲು ಕಲಿಯುವ ಮೊದಲೇ ತನ್ನ ಹೆಸರಿಗೆ ಟಪಾಲು ಬರುವ ಮಗುವಿನ ಎದುರು ಅವೆಲ್ಲ ಸ್ವಲ್ಪ ಮಂಕು.

ಹಕ್ನಲ್, ಕೊನೆಯ ನಿಲ್ದಾಣ

ನಗರ ದಾಟಿ, ಗಣಿಗಳು ಮುಚ್ಚಿದ ಬಡಾವಣೆಗಳನ್ನು ಹಾದು ಟ್ರಾಮ್ ಹಕ್ನಲ್ ತಲುಪುತ್ತದೆ. ಇಲ್ಲಿಯ ಚರ್ಚಿನಲ್ಲಿ ಕವಿ ಲಾರ್ಡ್ ಬೈರನ್‌ನ ಸಮಾಧಿ. 1824ರಲ್ಲಿ ಗ್ರೀಸಿನಲ್ಲಿ ಸತ್ತವನ ಶವ ಬಂದಾಗ, ಇವನ ನಡತೆ ಸರಿಯಿಲ್ಲವೆಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಜಾಗ ಕೊಡಲಿಲ್ಲ. ಅಲ್ಲಿ ಅವನ ನೆನಪಿನ ಕಲ್ಲು ಬಿದ್ದದ್ದು 1969ರಲ್ಲಿ. ಈ ಸೀಮೆಯವರು ಅವನನ್ನು ನೆನೆಯುವುದು ಕವಿತೆಗಷ್ಟೇ ಅಲ್ಲ. 1812ರ ಫೆಬ್ರವರಿ 27ರಂದು ಅವನು ಸಂಸತ್ತಿನಲ್ಲಿ ಮಾಡಿದ ಮೊದಲ ಭಾಷಣ ನಾಟಿಂಗ್‌ಹ್ಯಾಮಿನ ನೇಕಾರರ ಪರವಾಗಿತ್ತು. ಕೂಲಿ ಕಳೆದುಕೊಂಡು ಯಂತ್ರ ಮುರಿದವರನ್ನು ನೇಣಿಗೇರಿಸುವ ಮಸೂದೆಯನ್ನು ವಿರೋಧಿಸಿ, ಇಪ್ಪತ್ತನಾಲ್ಕರ ಆ ದೊಡ್ಡ ಮನೆತನದ ಹುಡುಗ ಮಾತಾಡಿದ. ಮಸೂದೆ ಪಾಸಾಯಿತು.

ಧಾರವಾಡ ಎಲ್ಲಿ ನಿಂತಿದೆ

ಇಷ್ಟು ಓದಿದ ಕನ್ನಡಿಗರಿಗೆ ಒಂದು ಪ್ರಶ್ನೆ ಏಳದೆ ಇರದು. ಭಾರತದ ಮೊದಲ ಯುನೆಸ್ಕೊ ಸಾಹಿತ್ಯ ನಗರ 2023ರಲ್ಲಿ ಆದದ್ದು ಪಕ್ಕದ ಕಲ್ಲಿಕೋಟೆ. ಬಷೀರ್, ಪೊಟ್ಟೆಕ್ಕಾಟ್, ಎಂ.ಟಿ. ಬದುಕಿ ಬರೆದ ಊರು ನಿಜ. ಆದರೆ ಅರ್ಜಿಗೆ ಬಲ ಕೊಟ್ಟದ್ದು ಅವರಷ್ಟೇ ಅಲ್ಲ. ಐನೂರಕ್ಕೂ ಹೆಚ್ಚು ಗ್ರಂಥಾಲಯಗಳು, ಹತ್ತಾರು ಪ್ರಕಾಶಕರು, ಕಡಲತೀರದ ಸಾಹಿತ್ಯೋತ್ಸವ. ಎಲ್ಲಕ್ಕಿಂತ ಮೊದಲು, ಅದನ್ನು ತನ್ನ ಕೆಲಸವೆಂದು ಹೊತ್ತ ನಗರಪಾಲಿಕೆ.

ನಮ್ಮಲ್ಲಿ ಮಾತು ಬಂದರೆ ಮೊದಲು ಬಾಯಿಗೆ ಬರುವುದು ಧಾರವಾಡ. 1890ರ ವಿದ್ಯಾವರ್ಧಕ ಸಂಘ, ಬೇಂದ್ರೆಯವರ ಸಾಧನಕೇರಿ. 1933ರಿಂದ ಪುಸ್ತಕ ಹೊರತರುತ್ತಿರುವ ಮನೋಹರ ಗ್ರಂಥಮಾಲೆಯ ‘ಅಟ್ಟ’ವಂತೂ ಬೀಸ್ಟನ್‌ನ ಶೂಸ್ಟ್ರಿಂಗ್ ಪ್ರೆಸ್ಸಿಗೆ ಹಿರಿಯಣ್ಣನಾಗಬಲ್ಲದು, ಕಾರ್ನಾಡರ ‘ಯಯಾತಿ’ ಹೊರಬಿದ್ದದ್ದು ಅಲ್ಲಿಂದಲೇ. ಮೈಸೂರಿನವರು ಸುಮ್ಮನಿರುವುದಿಲ್ಲ, ಬಿಡಿ. ‘ಅರ್ಥಶಾಸ್ತ್ರ’ದ ಓಲೆಗರಿ ಸಿಕ್ಕಿದ್ದು ತಮ್ಮೂರ ಪ್ರಾಚ್ಯ ಗ್ರಂಥಾಲಯದಲ್ಲಿ ಎನ್ನುತ್ತಾರೆ. ಈ ಜಗಳ ಸೊಗಸಾದದ್ದೇ. ಅರ್ಜಿಯ ಬಹುಪಾಲು ಪುಟಗಳು ಮಾತ್ರ ಬೇರೆಯದನ್ನು ಕೇಳುತ್ತವೆ. ವಾರ್ಡಿನ ಗ್ರಂಥಾಲಯ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಹೊಸ ಪುಸ್ತಕ ಬಂದು ಎಷ್ಟು ದಿನವಾಯಿತು? ಸರ್ಕಾರಿ ಶಾಲೆಯ ಪುಸ್ತಕದ ಕಪಾಟಿನ ಬೀಗದಕೈ ಯಾರ ಬಳಿ ಇದೆ?

ಹಾಗೆಂದು ನಮಗೆ ದಾರಿಯಿಲ್ಲವೆಂದಲ್ಲ. ಮ್ಯಾಂಚೆಸ್ಟರಿನ ಉಚಿತ ಗ್ರಂಥಾಲಯ 1852ರಲ್ಲಿ ಡಿಕನ್ಸ್, ಥ್ಯಾಕರೆಯವರ ಎದುರು ತೆರೆದಾಗ, ಅದಕ್ಕೆ ಆಧಾರವಾಗಿದ್ದ ಕಾಯಿದೆ ಊರಿನವರ ಮನೆತೆರಿಗೆಯಲ್ಲಿ ಪೌಂಡಿಗೆ ಅರ್ಧ ಪೆನ್ನಿಯನ್ನು ಪುಸ್ತಕಮನೆಗೆ ಎತ್ತಿಡಲು ಅವಕಾಶ ಕೊಟ್ಟಿತ್ತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಅದರಂತೆ ನಾವೂ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಸಂಗ್ರಹಿಸಿದ ಕರವನ್ನು ಪಾಲಿಕೆಗಳು ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಆಗಾಗ ಒಳಪುಟದಲ್ಲಿ ಸಣ್ಣದಾಗಿ ಬರುತ್ತಿರುತ್ತದೆ. ಮನೆ ಕಂದಾಯದ ರಸೀದಿ ಎಲ್ಲಿಟ್ಟಿದ್ದೀರೋ ತೆಗೆದು ನೋಡಿ; ಆರೋಗ್ಯ ಕರ, ಭಿಕ್ಷುಕರ ಕರಗಳ ಸಾಲಿನಲ್ಲೇ ಅದೂ ಇದೆ.